ಇಂಗ್ಲೆಂಡಿಗೆ ಬಂದಾಯ್ತು, ಮನೆಗೆ ಇಂಟರ್ನೆಟ್ಟು ಟೀವಿ ಯಾವ್ದು ಹಾಕಿಸ್ಲಿ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬ್ರಿಟನ್ನಿಗೆ ಹೊಸದಾಗಿ ಹೋದವರದ್ದೇ ಜಾಸ್ತಿ. ನಾನೂ ಅದೇ ದೇಶದಲ್ಲಿ ಸಂಸಾರ ಹೂಡಿರೋಳು, ಇವೆಲ್ಲಾ ನಾನೂ ಅನುಭವಿಸಿದ್ದೇ, ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಇದನ್ನೇ ಬರೀತೀನಿ.

ಪ್ರಶ್ನೆ: ಅಕ್ಕಾ ನಮಸ್ಕಾರ. ನಾನೂ ನನ್ನ ಹೆಂಡ್ತೀನೂ ಲೀಡ್ಸಿಗೆ ಬಂದು ಮೂರು ವಾರ ಆಯ್ತು. ಬಾಡಿಗೆ ಮನೆ, ಒಂದು ವರ್ಷದ ಅಗ್ರಿಮೆಂಟು. ಇಬ್ಬರಿಗೂ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಒಂದು ಕಂಪನಿಯವ್ರು ಇಂಟರ್ನೆಟ್ಟು, ಟೀವಿ, ಲ್ಯಾಂಡ್‌ಲೈನು ಮೂರೂ ಸೇರಿಸಿ 24 ತಿಂಗಳಿಗೆ ಕೊಡ್ತೀವಿ, 900 ಸ್ಪೀಡ್ ಅಂತಿದಾರೆ. ತಗೊಳ್ಳೋದಾ? – ಲೀಡ್ಸ್‌ನಿಂದ ಒಬ್ಬ ಓದುಗರು

ಉತ್ತರ: ಬೇಡಪ್ಪಾ, ಈಗಲೇ ಬೇಡ. ನಿಮ್ಮ ಮನೆ ಅಗ್ರಿಮೆಂಟು 12 ತಿಂಗಳು, ಅವರು ಕೇಳ್ತಿರೋದು 24 ತಿಂಗಳು, ಉಳಿದ 12 ತಿಂಗಳಿಗೆ ಯಾವ ಮನೇಲಿರ್ತೀರೋ ಯಾವ ಊರಲ್ಲಿರ್ತೀರೋ ನಿಮಗೇ ಗೊತ್ತಿಲ್ಲ. ಹೊಸ ಮನೆಗೆ ಅದೇ ಕಂಪನಿ ಲೈನ್ ಇದ್ರೆ ಅಲ್ಲಿಗೆ ವರ್ಗ ಮಾಡ್ಕೊಡ್ತಾರೆ, ಇಲ್ದಿದ್ರೆ ಅರ್ಧಕ್ಕೆ ಬಿಟ್ಟಿದ್ದಕ್ಕೆ ಅಂತ ಉಳಿದ ತಿಂಗಳುಗಳ ಲೆಕ್ಕದಲ್ಲಿ ದುಡ್ಡು ಕಟ್ಟಿಸ್ಕೊಳ್ಳೋ ಸಾಧ್ಯತೆ ಇದೆ. ನಾನು ಬಂದ ಹೊಸದ್ರಲ್ಲಿ ಇದೇ ಆಗಿತ್ತು. ಉದ್ದ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದೆ, ಎಂಟನೇ ತಿಂಗಳಿಗೆ ಮನೆಯವರಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು, ಆ ಊರಲ್ಲಿ ಆ ಕಂಪನಿ ಲೈನೇ ಇರಲಿಲ್ಲ, ಬಳಸದೇ ಇರೋ ಇಂಟರ್ನೆಟ್ಟಿಗೆ ದುಡ್ಡು ಕಟ್ಟಿ ಬಿಡಿಸ್ಕೋಬೇಕಾಯ್ತು. ಅವತ್ತು ತುಂಬಾ ಸಂಕಟ ಆಗಿತ್ತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಕಾಂಟ್ರ್ಯಾಕ್ಟಿನ ಅವಧಿ ಮನೆ ಅಗ್ರಿಮೆಂಟನ್ನ ದಾಟಬಾರದು, ವೀಸಾ ಅವಧಿಯನ್ನಂತೂ ದಾಟಲೇಬಾರದು.

ಸರಿ, ಹಾಗಾದ್ರೆ ಏನು ಮಾಡೋದು? ಮೊದಲು ನಿಮ್ಮ ಮನೆಗೆ ಯಾವ ಲೈನ್ ಬರತ್ತೆ ನೋಡಿ. ಇಲ್ಲಿ ಕಂಪನಿ ಹೆಸರು ಹತ್ತಾರು ಇದ್ರೂ ನೆಲದೊಳಗಿನ ಲೈನ್ ಕೆಲವರದ್ದೇ. ದೇಶದ ಹೆಚ್ಚಿನ ಭಾಗದಲ್ಲಿ ಓಪನ್‌ರೀಚ್‌ನವರ ಜಾಲ, ಬಿಟಿ, ಸ್ಕೈ, ಟಾಕ್‌ಟಾಕ್, ಪ್ಲಸ್‌ನೆಟ್ ಇವರೆಲ್ಲಾ ಅದೇ ಜಾಲದ ಮೇಲೆ ಮಾರೋರು. ವರ್ಜಿನ್ ಮೀಡಿಯಾದವರದ್ದು ಅವರದ್ದೇ ಕೇಬಲ್. ಅದರ ಮೇಲೆ ಸಿಟಿಫೈಬರ್, ಹೈಪರ್‌ಆಪ್ಟಿಕ್, ಹಳ್ಳಿ ಕಡೆ ಗಿಗಾಕ್ಲಿಯರ್, ಹಲ್ ಊರಲ್ಲಿ ಕೆಕಾಮ್, ಹೀಗೆ ಬೇರೆ ಬೇರೆ ಜಾಲಗಳಿವೆ. ಆಫ್‌ಕಾಮ್ ಅಂತ ಫೋನು, ಇಂಟರ್ನೆಟ್ಟು, ಟೀವಿಗಳ ನಿಯಂತ್ರಣ ಸಂಸ್ಥೆ ಇದೆ, ಅವರ ವೆಬ್‌ಸೈಟಿನ ಚೆಕರ್‌ನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿ ಮನೆ ವಿಳಾಸ ಆರಿಸಿದ್ರೆ ಗೊತ್ತಾಗತ್ತೆ. ವಿಳಾಸ ಆರಿಸೋದು ಮರೀಬೇಡಿ, ಯಾಕಂದ್ರೆ ಒಂದೇ ಬೀದೀಲಿ ಎದುರುಮನೆಗೆ ಪೂರ್ತಿ ಫೈಬರ್ ಇದ್ದು ನಿಮ್ಮನೆಗೆ ಇಲ್ದೇ ಇರಬಹುದು.

ಈ ಫೈಬರ್ ಅನ್ನೋ ಪದಾನ ಸ್ವಲ್ಪ ಹುಷಾರಾಗಿ ಓದಬೇಕು. ಹಳೇ ಥರದ್ದರಲ್ಲಿ ಬೀದಿ ಮೂಲೆಯ ಹಸಿರು ಪೆಟ್ಟಿಗೆ ತನಕ ಮಾತ್ರ ಫೈಬರ್, ಅಲ್ಲಿಂದ ಮನೆಗೆ ಹಳೇ ತಾಮ್ರದ ತಂತಿ. ಅದರಲ್ಲಿ ಹೆಚ್ಚಂದ್ರೆ ಡೌನ್‌ಲೋಡ್, ಅಂದ್ರೆ ಮನೆಗೆ ಬರೋ ವೇಗ, ಸೆಕೆಂಡಿಗೆ 80 ಮೆಗಾಬಿಟ್, ಅಪ್‌ಲೋಡ್, ಅಂದ್ರೆ ಮನೆಯಿಂದ ಹೊರಗೆ ಹೋಗೋ ವೇಗ, 20, ಪೆಟ್ಟಿಗೆಯಿಂದ ಮನೆ ದೂರ ಆದಷ್ಟೂ ಅದೂ ಕಮ್ಮಿ ಆಗ್ತಾ ಹೋಗತ್ತೆ. ಇದನ್ನೂ ಫೈಬರ್ ಅಂತಲೇ ವರ್ಷಗಟ್ಟಲೆ ಮಾರಿದ್ರು, 2024ರ ಸೆಪ್ಟೆಂಬರಿಂದ ಮನೆ ಬಾಗಿಲ ತನಕ ಫೈಬರ್ ಇದ್ರೆ ಮಾತ್ರ ಆ ಪದ ಬಳಸಬೇಕು ಅಂತ ಆಫ್‌ಕಾಮ್ ಸೂಚನೆ ಕೊಟ್ಟಿದೆ.

ಇನ್ನು 900 ಸ್ಪೀಡು ಇಬ್ಬರು ಇರೋ ಮನೆಗೆ ಬೇಕಾಗಿಲ್ಲ. ನೆಟ್‌ಫ್ಲಿಕ್ಸ್‌ನವರೇ ಹೇಳೋ ಪ್ರಕಾರ 4ಕೆ ಚಿತ್ರಕ್ಕೆ 15 ಮೆಗಾಬಿಟ್ ಸಾಕು, ಆಫೀಸಿನ ವಿಡಿಯೋ ಕಾಲಿಗೆ ಅದಕ್ಕಿಂತ ಕಮ್ಮಿ. ಇಬ್ಬರೂ ಒಟ್ಟಿಗೆ ಮೀಟಿಂಗಲ್ಲಿದ್ರೂ 70ರಿಂದ 150ರೊಳಗಿನ ಪ್ಲಾನ್ ಧಾರಾಳ ಆಗತ್ತೆ. ನೀವು ಮನೆಯಿಂದ ಕೆಲಸ ಮಾಡೋರಾದ್ರಿಂದ ಡೌನ್‌ಲೋಡಿಗಿಂತ ಅಪ್‌ಲೋಡ್ ಎಷ್ಟು ಅಂತ ಕೇಳಿ, ಜಾಹೀರಾತಲ್ಲಿ ಅದನ್ನ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ.

ಮೊದಲ ತಿಂಗಳು ಎರಡು ತಿಂಗಳಿಗೆ 4ಜಿ ಅಥವಾ 5ಜಿ ಹೋಮ್ ಬ್ರಾಡ್‌ಬ್ಯಾಂಡ್ ನೋಡಿ, ತಿಂಗಳಿಂದ ತಿಂಗಳಿಗೆ ಮುಂದುವರಿಸೋ ಪ್ಲಾನ್ ಸಿಗತ್ತೆ, ರೂಟರ್ ಪ್ಲಗ್ಗಿಗೆ ಹಾಕಿದ್ರೆ ಆಯ್ತು, ಇಂಜಿನಿಯರ್ ಬರಬೇಕಿಲ್ಲ, ಗೋಡೆ ಕೊರೀಬೇಕಿಲ್ಲ, ಲ್ಯಾಂಡ್‌ಲಾರ್ಡ್ ಪರ್ಮಿಷನ್ನೂ ಬೇಡ. ಕಿಟಕಿ ಹತ್ರ ಮೊಬೈಲಲ್ಲಿ ಆ ಕಂಪನಿ ಸಿಗ್ನಲ್ ಹೇಗಿದೆ ಅಂತ ನೋಡ್ಕೊಂಡು ತಗೊಳ್ಳಿ. ಇನ್ನೊಂದು ಕಾರಣಾನೂ ಇದೆ. ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಹಿಸ್ಟರಿ, ಅಂದ್ರೆ ಸಾಲ, ಬಿಲ್ಲು ಸರಿಯಾಗಿ ಕಟ್ಟಿದ ದಾಖಲೆ ಅನ್ನೋದೇ ಇರಲ್ಲ, ಉದ್ದ ಕಾಂಟ್ರ್ಯಾಕ್ಟ್ ಕೊಡೋ ಮುಂಚೆ ಅವರು ಅದನ್ನ ಚೆಕ್ ಮಾಡ್ತಾರೆ, ಎಷ್ಟೋ ಜನಕ್ಕೆ ಆಗಲ್ಲ ಅಂದ್ಬಿಡ್ತಾರೆ ಇಲ್ಲಾ ಡೆಪಾಸಿಟ್ ಕೇಳ್ತಾರೆ. ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಿಮ್ಮ ತಪ್ಪೇನೂ ಇಲ್ಲ. ಬ್ಯಾಂಕ್ ಅಕೌಂಟು ತೆಗೆದು ನಾಲ್ಕು ತಿಂಗಳು ಬಿಲ್ಲುಗಳನ್ನ ಸರಿಯಾಗಿ ಕಟ್ತಾ ಹೋದ್ರೆ ಆಮೇಲೆ ಸಲೀಸು.

ಅಕಸ್ಮಾತ್ ಆಗಲೇ ಫೋನಲ್ಲೋ ಆನ್‌ಲೈನಲ್ಲೋ ಹೂಂ ಅಂದ್ಬಿಟ್ಟಿದ್ರೆ 14 ದಿನದೊಳಗೆ ಬೇಡ ಅನ್ನೋ ಹಕ್ಕು ಕಾನೂನಲ್ಲೇ ಇದೆ, ಅಷ್ಟು ದಿನ ಬಳಸಿದ್ದಕ್ಕೆ ಮಾತ್ರ ಕಟ್ಟಬೇಕಾಗಬಹುದು. ಬೆಲೆ ಬಗ್ಗೆ ಒಂದು ಮಾತು. ನಡುವೆ ಬೆಲೆ ಏರಿಸೋದನ್ನ ಹಣದುಬ್ಬರದ ಲೆಕ್ಕಕ್ಕೆ ಕಟ್ಟೋ ಹಾಗಿಲ್ಲ, 2025ರ ಜನವರಿ 17ರಿಂದ ಈಚಿನ ಹೊಸ ಕಾಂಟ್ರ್ಯಾಕ್ಟುಗಳಲ್ಲಿ ಎಷ್ಟು ಪೌಂಡ್ ಎಷ್ಟು ಪೆನ್ಸ್ ಏರತ್ತೆ ಅಂತ ಮೊದಲೇ ಬರೆದಿರಬೇಕು. ಅಂದ್ರೆ ಏರಲ್ಲ ಅಂತಲ್ಲ, ಎಷ್ಟು ಏರತ್ತೆ ಅಂತ ನಿಮಗೆ ಮೊದಲೇ ಕಾಣತ್ತೆ ಅಂತ. ಆ ಸಾಲನ್ನ ಹುಡುಕಿ ಓದಿ. ಲ್ಯಾಂಡ್‌ಲೈನ್ ಅಂತೂ ಬೇಡವೇ ಬೇಡ, ಹಳೇ ತಾಮ್ರದ ಫೋನ್ ವ್ಯವಸ್ಥೆಯನ್ನೇ 2027ರ ಜನವರಿ ಹೊತ್ತಿಗೆ ನಿಲ್ಲಿಸ್ತಿದಾರೆ.

ಪ್ರಶ್ನೆ: ಮೇಡಂ, ನಮ್ಮನೆಗೆ ಟೀವಿ ಲೈಸೆನ್ಸ್ ಇಲ್ಲ, ವಿಚಾರಣೆ ಮಾಡ್ತೀವಿ ಅಂತ ಕೆಂಪಕ್ಷರದ ಲೆಟರ್ ಬಂದಿದೆ. ನಮ್ಮತ್ರ ಟೀವಿನೇ ಇಲ್ಲ! ಲ್ಯಾಪ್‌ಟಾಪಲ್ಲಿ ಯೂಟ್ಯೂಬಲ್ಲಿ ಕನ್ನಡ ನ್ಯೂಸ್ ನೋಡ್ತೀವಿ, ಒಂದೆರಡು ಸೀರಿಯಲ್ ನೋಡ್ತೀವಿ ಅಷ್ಟೇ. ಪೊಲೀಸ್ ಬರ್ತಾರಾ? ವೀಸಾಗೆ ತೊಂದರೆ ಆಗತ್ತಾ? ರಾತ್ರಿ ನಿದ್ದೆ ಬರ್ತಿಲ್ಲ. – ಬರ್ಮಿಂಗ್‌ಹ್ಯಾಮ್‌ನಿಂದ ಒಬ್ಬ ಗೃಹಿಣಿ

ಉತ್ತರ: ಮೊದಲು ನೆಮ್ಮದಿಯಾಗಿ ನಿದ್ದೆ ಮಾಡಮ್ಮ. ಆ ಲೆಟರ್ ನಿಮ್ಮ ಹೆಸರಿಗೆ ಬಂದಿರಲ್ಲ ನೋಡಿ, ಮನೇಲಿರೋರಿಗೆ ಅಂತ ಬಂದಿರತ್ತೆ. ಟೀವಿ ಲೈಸೆನ್ಸ್ ಅಂದ್ರೆ ಇಲ್ಲಿ ಟೀವಿ ನೋಡೋಕೆ ವರ್ಷ ವರ್ಷ ದುಡ್ಡು ಕಟ್ಟಿ ತಗೊಳ್ಳೋ ಪರವಾನಗಿ, ಅದು ಇಲ್ಲದ ವಿಳಾಸಗಳಿಗೆಲ್ಲಾ ಈ ಲೆಟರ್ ಕಳಿಸ್ತಾರೆ, ನೀವು ಏನೋ ತಪ್ಪು ಮಾಡಿದೀರಿ ಅಂತ ಕಂಡುಹಿಡಿದು ಕಳಿಸಿದ್ದಲ್ಲ.

ಆದ್ರೆ ಲೆಟರ್ ಹರಿದು ಬಿಸಾಕೋದೂ ಸರಿಯಲ್ಲ, ಯಾಕಂದ್ರೆ ನಿಮ್ಮ ಪ್ರಶ್ನೇಲೇ ಒಂದು ತೊಡಕಿದೆ. ನಮ್ಮ ಜನ ಇದರಲ್ಲೇ ಎಡವೋದು. ಲೈಸೆನ್ಸು ಟೀವಿ ಅನ್ನೋ ಡಬ್ಬಕ್ಕಲ್ಲ, ಏನು ನೋಡ್ತೀರಿ ಅನ್ನೋದಕ್ಕೆ. ಯಾವುದೇ ಚಾನೆಲ್ಲಿನ ಕಾರ್ಯಕ್ರಮಾನ ಅದು ಪ್ರಸಾರ ಆಗ್ತಿರೋ ಹೊತ್ತಿಗೇ, ಅಂದ್ರೆ ಲೈವ್ ಆಗಿ ನೋಡಿದ್ರೆ ಲೈಸೆನ್ಸ್ ಬೇಕು. ಟೀವೀಲಿ ನೋಡಿ, ಫೋನಲ್ಲಿ ನೋಡಿ, ಲ್ಯಾಪ್‌ಟಾಪಲ್ಲಿ ನೋಡಿ, ಎಲ್ಲಾ ಒಂದೇ. ಬಿಬಿಸಿ ನೋಡಲ್ಲ ಅಂದ್ರೂ ಬೇಕು, ಚಾನೆಲ್ ಹೊರದೇಶದ್ದು ಅಂದ್ರೂ ಬೇಕು. ಹಾಗಾಗಿ ಯೂಟ್ಯೂಬಲ್ಲಿ ಕನ್ನಡ ನ್ಯೂಸ್ ಚಾನೆಲ್ಲನ್ನ ಲೈವ್ ಹಾಕ್ಕೊಂಡು ಅಡುಗೆ ಮಾಡ್ತಾ ಕೇಳೋ ಅಭ್ಯಾಸ ಇದ್ರೆ, ಅದಕ್ಕೂ ಲೈಸೆನ್ಸ್ ಬೇಕು. ಬಿಬಿಸಿಯ ಐಪ್ಲೇಯರ್ ಅನ್ನೋ ಆ್ಯಪಿಗೆ ಮಾತ್ರ ಲೈವ್ ಆಗ್ಲಿ ಹಳೇದಾಗ್ಲಿ, ಏನು ನೋಡಿದ್ರೂ ಬೇಕು.

ಬೇಡದೇ ಇರೋದು ಯಾವ್ದು? ಪ್ರಸಾರ ಆಗಿ ಮುಗಿದ ಸೀರಿಯಲ್ ಎಪಿಸೋಡು ಆ್ಯಪಲ್ಲಿ ನೋಡೋದು, ನೆಟ್‌ಫ್ಲಿಕ್ಸ್ ಸಿನಿಮಾ, ಯೂಟ್ಯೂಬಿನ ಮಾಮೂಲಿ ವಿಡಿಯೋ, ನ್ಯೂಸಿನವರು ಆಮೇಲೆ ಹಾಕೋ ಕ್ಲಿಪ್ಪು. ಇಷ್ಟರಲ್ಲೇ ನಿಮಗೆ ಸಾಕು ಅಂದ್ರೆ ಲೈವ್ ಪೂರ್ತಿ ಬಿಟ್ಬಿಡಿ, ಟೀವಿ ಲೈಸೆನ್ಸಿಂಗ್‌ನವರಿಗೆ ನಮಗೆ ಲೈಸೆನ್ಸ್ ಬೇಕಾಗಿಲ್ಲ ಅಂತ ಆನ್‌ಲೈನಲ್ಲಿ ಒಂದು ಘೋಷಣೆ ಕೊಡಿ, ಲೆಟರುಗಳು ಸುಮಾರು ನಿಲ್ತವೆ. ಮನೆಗೆ ಅವರ ಕಡೆಯವರು ಬಂದ್ರೂ ಅವರು ಪೊಲೀಸರಲ್ಲ, ಕೋರ್ಟಿನ ವಾರಂಟ್ ಇಲ್ದೇ ನೀವು ಒಳಗೆ ಬಿಟ್ಕೋಬೇಕಾದ ಕಡ್ಡಾಯ ಇಲ್ಲ. ಮರ್ಯಾದೆಯಾಗಿ ಮಾತಾಡಿ, ಆದ್ರೆ ಘೋಷಣೆ ಮಾತ್ರ ನಿಜವಾಗಿರಲಿ. ಮನೇಲಿ ಇರೋ ಎಲ್ಲರಿಗೂ ಹೇಳಿಟ್ಟಿರಿ, ಯಜಮಾನ್ರು ಕ್ರಿಕೆಟ್ ಇದ್ದ ದಿನ ಫೋನಲ್ಲಿ ಲೈವ್ ಹಾಕಿದ್ರೂ ಅದು ಲೆಕ್ಕಕ್ಕೆ ಬರತ್ತೆ.

ಲೈವ್ ನೋಡೋದಾದ್ರೆ ದಯವಿಟ್ಟು ಕಟ್ಟಿಬಿಡಿ. 2025ರ ಏಪ್ರಿಲ್‌ನಲ್ಲಿ ವರ್ಷದ ಶುಲ್ಕ 174 ಪೌಂಡ್ 50 ಪೆನ್ಸ್ ಆಗಿತ್ತು, ಏಪ್ರಿಲ್ ಬಂದಾಗ ಏರೋದುಂಟು, ಕಟ್ಟೋ ದಿನ ನೋಡ್ಕೊಳ್ಳಿ. ಒಟ್ಟಿಗೆ ಕಟ್ಟೋಕೆ ಭಾರ ಆದ್ರೆ ತಿಂಗಳು ತಿಂಗಳು ಕಟ್ಟಬಹುದು. ಕಟ್ಟದೇ ನೋಡಿ ಸಿಕ್ಕಿಬಿದ್ರೆ ಕೋರ್ಟಲ್ಲಿ 1,000 ಪೌಂಡ್ ತನಕ ದಂಡ ಹಾಕಬಹುದು, ಮತ್ತೆ ಅದು ಕ್ರಿಮಿನಲ್ ಕೇಸು. ವೀಸಾ ಅರ್ಜೀಲಿ ಕೋರ್ಟು ಶಿಕ್ಷೆ ದಂಡ ಏನಾದ್ರೂ ಆಗಿದೆಯಾ ಅಂತ ಕೇಳ್ತಾರಲ್ಲ, ಆ ಪ್ರಶ್ನೆಗೆ ನೀವು ಇಲ್ಲ ಅಂತಲೇ ಉತ್ತರ ಕೊಡೋ ಹಾಗಿರಬೇಕು, ನನಗೆ ಅದೇ ಮುಖ್ಯ.

ಪ್ರಶ್ನೆ: ಅಕ್ಕ, ನಾನು ಕವೆಂಟ್ರಿಯಲ್ಲಿ ಎಂಎಸ್ಸಿ ಓದ್ತಿದೀನಿ, ಐದು ಜನ ಸೇರಿ ಒಂದು ಮನೆ ಮಾಡಿದೀವಿ. ವೈಫೈ ಯಾರ ಹೆಸರಲ್ಲಿ ತಗೋಬೇಕು? ಲೈಸೆನ್ಸ್ ಐದು ಬೇಕಾ? – ಒಬ್ಬ ವಿದ್ಯಾರ್ಥಿ

ಉತ್ತರ: ಐದೂ ಜನ ಒಂದೇ ಬಾಡಿಗೆ ಅಗ್ರಿಮೆಂಟಿಗೆ ಸಹಿ ಹಾಕಿದ್ರೆ ಸಾಮಾನ್ಯವಾಗಿ ಒಂದೇ ಲೈಸೆನ್ಸ್ ಸಾಕು. ರೂಮು ರೂಮಿಗೆ ಬೇರೆ ಬೇರೆ ಅಗ್ರಿಮೆಂಟ್ ಇದ್ದು ನೀವು ನಿಮ್ಮ ರೂಮಲ್ಲಿ ಲೈವ್ ನೋಡೋರಾದ್ರೆ ನಿಮ್ಮದು ನಿಮಗೆ ಬೇಕಾಗತ್ತೆ. ಓದು ಮುಗಿಸಿ ಹೊರಡೋವಾಗ ಉಳಿದ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಕೇಳಬಹುದು, ತುಂಬಾ ಜನ ಕೇಳೋದೇ ಇಲ್ಲ.

ವೈಫೈ ಯಾರ ಹೆಸರಲ್ಲಿದ್ಯೋ ಹೊಣೆ ಪೂರ್ತಿ ಅವರದ್ದೇ, ಉಳಿದ ನಾಲ್ಕು ಜನ ದುಡ್ಡು ಕೊಡದೇ ಹೋದ್ರೂ ಕಂಪನಿ ಕೇಳೋದು ಅವರನ್ನೇ, ಕ್ರೆಡಿಟ್ ಹಾಳಾಗೋದೂ ಅವರದ್ದೇ. ಅದಕ್ಕೆ ಮೊದಲ ದಿನವೇ ವಾಟ್ಸ್ಯಾಪಲ್ಲಿ ಐದೂ ಜನ ಒಪ್ಪಿದ್ದನ್ನ ಬರೆದಿಟ್ಕೊಳ್ಳಿ, ಸ್ನೇಹ ಉಳಿಯೋಕೆ ಅದು ಒಳ್ಳೇದು. ವಿದ್ಯಾರ್ಥಿಗಳಿಗೆ ಅಂತಲೇ 9 ತಿಂಗಳ ಪ್ಲಾನ್ ಕೆಲವರು ಕೊಡ್ತಾರೆ, ಅದನ್ನೇ ಕೇಳಿ ತಗೊಳ್ಳಿ.

ಪ್ರಶ್ನೆ: ನಮ್ಮ ಅತ್ತೆ ಮಾವ ಆರು ತಿಂಗಳಿಗೆ ಇಲ್ಲಿಗೆ ಬರ್ತಿದಾರೆ. ಸಂಜೆ ಕನ್ನಡ ಸೀರಿಯಲ್ ಇಲ್ದೇ ಅತ್ತೆಗೆ ದಿನ ಕಳೆಯಲ್ಲ. ನಮ್ಮ ಪರಿಚಯದವರೊಬ್ಬರು ಒಂದು ಬಾಕ್ಸ್ ಮಾರ್ತಾರೆ, ಒಂದೇ ಸಲ ದುಡ್ಡು ಕೊಟ್ರೆ ಇಂಡಿಯಾದ ಎಲ್ಲಾ ಚಾನೆಲ್ಲೂ ಸ್ಪೋರ್ಟ್ಸೂ ವರ್ಷಪೂರ್ತಿ ಬರತ್ತಂತೆ. ಎಲ್ಲರೂ ಹಾಕಿಸ್ಕೊಂಡಿದಾರೆ. ಊರಿಂದ ನಮ್ಮ ಟೀವಿ ಕಳಿಸ್ಲಾ ಅಂತಾನೂ ಮಾವ ಕೇಳ್ತಿದಾರೆ. – ರೆಡಿಂಗ್‌ನಿಂದ ಒಬ್ಬ ಓದುಗಿ

ಉತ್ತರ: ಆ ಬಾಕ್ಸ್ ಮನೆಗೆ ತರಬೇಡಿ. ಅಷ್ಟು ಚಾನೆಲ್ಲುಗಳ ಹಕ್ಕು ಕೊಂಡು ಅಷ್ಟು ಕಮ್ಮಿ ದುಡ್ಡಿಗೆ ಯಾರೂ ಕೊಡೋಕಾಗಲ್ಲ, ಅದು ಕದ್ದ ಪ್ರಸಾರ. ಇಂಥಾ ಕಾಪಿರೈಟ್ ಅಪರಾಧಕ್ಕೆ 2017ರ ಡಿಜಿಟಲ್ ಎಕಾನಮಿ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆಯನ್ನ 10 ವರ್ಷಕ್ಕೆ ಏರಿಸಿದಾರೆ, ಅದು ಮುಖ್ಯವಾಗಿ ಮಾರೋರ ಮೇಲೆ ಗುರಿ ಇಟ್ಟಿದ್ದಾದ್ರೂ ನೋಡೋದೂ ಸರಿಯಲ್ಲ. ಇನ್ನೊಂದು ವಿಷ್ಯ ಯೋಚಿಸಿ, ಯಾರು ಏನು ತುಂಬಿದಾರೋ ಗೊತ್ತಿಲ್ಲದ ಆ ಡಬ್ಬ ನಿಮ್ಮ ಆಫೀಸ್ ಲ್ಯಾಪ್‌ಟಾಪು, ಬ್ಯಾಂಕ್ ಆ್ಯಪು ಇರೋ ಅದೇ ವೈಫೈಗೆ ಸೇರ್ಕೊಳ್ಳತ್ತೆ. ಒಂದು ದಿನ ಬೆಳಿಗ್ಗೆ ಅದು ನಿಂತೋದ್ರೆ ದುಡ್ಡು ಯಾರ ಹತ್ರ ಕೇಳ್ತೀರಿ? ಲೈವ್ ನೋಡೋದ್ರಿಂದ ಅದಕ್ಕೂ ಟೀವಿ ಲೈಸೆನ್ಸ್ ಬೇಕೇ ಬೇಕು, ಮೇಲಿನ ಉತ್ತರ ನೋಡಿ.

ಅತ್ತೆಯವರಿಗೆ ನಿಜವಾಗ್ಲೂ ಬೇಕಾಗಿರೋದೇನು? ಸಂಜೆ ಹೊತ್ತು ಅವರ ಸೀರಿಯಲ್ಲು. ಆದ್ರೆ ಊರಲ್ಲಿ ಸಂಜೆ 7 ಗಂಟೆ ಅಂದ್ರೆ ಇಲ್ಲಿ ಬೇಸಿಗೇಲಿ ಮಧ್ಯಾಹ್ನ 2:30, ಚಳಿಗಾಲದಲ್ಲಿ 1:30. ಲೈವ್ ಇದ್ರೂ ಅದು ಇಲ್ಲಿನ ಸಂಜೆಗೆ ಬರೋದೇ ಇಲ್ಲ! ಇಲ್ಲಿ ಸಂಜೆ ಆಗೋಷ್ಟರಲ್ಲಿ ಪ್ರಸಾರ ಮುಗಿದು ಎಪಿಸೋಡ್ ಆ್ಯಪಿಗೆ ಬಂದಿರತ್ತೆ, ದೀಪ ಹಚ್ಚಿ ಕೂತ್ಕೊಂಡು ಆರಾಮಾಗಿ ನೋಡಬಹುದು, ಹಾಗೆ ನೋಡೋಕೆ ಲೈಸೆನ್ಸೂ ಬೇಡ. ಅವರು ನೋಡೋ ಸೀರಿಯಲ್ ಯಾವ ಚಾನೆಲ್ಲಿಂದು ಅಂತ ಮೊದಲೇ ಫೋನಲ್ಲಿ ಕೇಳ್ಕೊಳ್ಳಿ, ಜೀ ಕನ್ನಡದ್ದಾದ್ರೆ ಜೀ5, ಉದಯದ್ದಾದ್ರೆ ಸನ್ ನೆಕ್ಸ್ಟ್, ಹೀಗೆ ಆ್ಯಪ್ ಆರಿಸ್ಬಹುದು. ಊರಲ್ಲಿ ಕಟ್ಟಿರೋ ಸಬ್‌ಸ್ಕ್ರಿಪ್ಷನ್ ಇಲ್ಲಿ ನಡೆಯತ್ತೆ ಅಂತ ನಂಬ್ಕೊಂಡು ಕೂರಬೇಡಿ, ಪ್ರಸಾರದ ಹಕ್ಕನ್ನ ದೇಶ ದೇಶಕ್ಕೆ ಬೇರೆ ಬೇರೆ ಮಾರಿರ್ತಾರೆ, ಅದಕ್ಕೆ ಇಲ್ಲಿಂದಲೇ ಇಲ್ಲಿನ ಪ್ಲಾನ್ ತಗೊಳ್ಳಿ. ಅವರು ಬರೋ ಒಂದು ವಾರ ಮುಂಚೆ ಒಂದು ತಿಂಗಳಿಗೆ ಮಾತ್ರ ಹಾಕಿ, ಅವರ ಸೀರಿಯಲ್ಲಿನ ಹೊಸ ಎಪಿಸೋಡು ಬರತ್ತಾ ಅಂತ ನೀವೇ ಪರೀಕ್ಷೆ ಮಾಡಿ. ಸ್ಕೈ, ವರ್ಜಿನ್‌ನವರ ಪ್ಯಾಕಲ್ಲಿ ಏಷ್ಯನ್ ಚಾನೆಲ್ ಅಂತ ಇರೋದು ಹೆಚ್ಚಾಗಿ ಹಿಂದಿ, ಪಂಜಾಬಿ, ಉರ್ದು, ಬಂಗಾಳಿ, ಕನ್ನಡ ಇರತ್ತೆ ಅಂದ್ಕೊಂಡು ಸಹಿ ಹಾಕಿ ಆಮೇಲೆ ಕೊರಗೋದು ಬೇಡ.

ಮಾವನವರಿಗೆ ಕ್ರಿಕೆಟ್ ಇಷ್ಟ ಇದ್ರೆ, ಇಂಗ್ಲೆಂಡಲ್ಲಿ ನಡೆಯೋ ಟೆಸ್ಟುಗಳು ಲೈವ್ ಬರೋದು ಸ್ಕೈ ಸ್ಪೋರ್ಟ್ಸಲ್ಲಿ. ಅದಕ್ಕೆ ವರ್ಷದ ಕಾಂಟ್ರ್ಯಾಕ್ಟ್ ಬೇಡ, ನೌ ಅನ್ನೋ ಸರ್ವಿಸಲ್ಲಿ ಒಂದು ದಿನಕ್ಕೆ ಅಥವಾ ಒಂದು ತಿಂಗಳಿಗೆ ತಗೋಬಹುದು, ಲೈಸೆನ್ಸ್ ಮಾತ್ರ ಬೇಕು.

ಟೀವಿ ಕಳಿಸೋದು ಬೇಡ ಅಂತ ಮಾವನವರಿಗೆ ಪ್ರೀತಿಯಿಂದಲೇ ಹೇಳಿ. ಕರೆಂಟ್ ಒಂದೇ 230 ವೋಲ್ಟು, ಪ್ಲಗ್ ಮಾತ್ರ ಬೇರೆ, ಆದ್ರೆ ಅದರೊಳಗಿನ ಟ್ಯೂನರ್ ಇಲ್ಲಿನ ಫ್ರೀವ್ಯೂ ಚಾನೆಲ್ ಹಿಡಿಯತ್ತೆ ಅನ್ನೋ ಭರವಸೆ ಇಲ್ಲ, ಸಾಗಿಸೋ ಖರ್ಚಲ್ಲಿ ಇಲ್ಲೇ ಒಂದು ಬರತ್ತೆ. ಇಲ್ಲಿ ಕೊಂಡ ಟೀವಿಗೆ ಚಾವಣಿ ಮೇಲಿನ ಏರಿಯಲ್ ಸಿಕ್ಕಿಸಿದ್ರೆ ಫ್ರೀವ್ಯೂ ತಿಂಗಳ ದುಡ್ಡಿಲ್ದೇ ಬರತ್ತೆ, ಏರಿಯಲ್ ಇಲ್ದೇ ಬ್ರಾಡ್‌ಬ್ಯಾಂಡಿಂದಲೇ ಬರೋ ಫ್ರೀಲೀ ಅನ್ನೋದು 2024ರಲ್ಲಿ ಶುರುವಾಗಿದೆ, ಅದಕ್ಕೆ ಹೊಂದೋ ಟೀವಿ ಬೇಕು.

ಪ್ರಶ್ನೆ: 150 ಮೆಗಾಬಿಟ್ ಪ್ಲಾನ್ ತಗೊಂಡಿದೀನಿ, ಆದ್ರೂ ಮೇಲಿನ ರೂಮಲ್ಲಿ ಆಫೀಸ್ ಕಾಲ್ ಕಟ್ ಆಗತ್ತೆ. ಕಂಪನಿಯವ್ರು 500ಕ್ಕೆ ಅಪ್‌ಗ್ರೇಡ್ ಮಾಡಿ ಅಂತಾರೆ. – ಮ್ಯಾಂಚೆಸ್ಟರ್‌ನಿಂದ ಒಬ್ಬ ಓದುಗರು

ಉತ್ತರ: ದುಡ್ಡು ಕೊಡೋ ಮುಂಚೆ ಲ್ಯಾಪ್‌ಟಾಪನ್ನ ರೂಟರಿಗೆ ಕೇಬಲಲ್ಲಿ ಸಿಕ್ಕಿಸಿ ಸ್ಪೀಡ್ ನೋಡಿ. ಅಲ್ಲಿ 150 ಬರ್ತಿದ್ರೆ ಲೈನ್ ಸರಿಯಿದೆ, ತೊಂದರೆ ಮನೆಯೊಳಗಿನ ವೈಫೈಯದ್ದು, 500 ಅಲ್ಲ 900 ತಗೊಂಡ್ರೂ ಮೇಲಿನ ರೂಮಿಗೆ ಹೋಗಲ್ಲ. ಇಲ್ಲಿನ ಹಳೇ ಇಟ್ಟಿಗೆ ಮನೆಗಳ ಗೋಡೆ, ಮಧ್ಯದ ಚಿಮಣಿ ಕಟ್ಟೆ ಸಿಗ್ನಲನ್ನ ನುಂಗ್ತವೆ. ವೈಫೈಯ 5 ಗಿಗಾಹರ್ಟ್ಸ್ ವೇಗ ಜಾಸ್ತಿ ಆದ್ರೆ ಗೋಡೆ ದಾಟೋದು ಕಷ್ಟ, 2.4 ನಿಧಾನ ಆದ್ರೂ ದೂರ ಹೋಗತ್ತೆ. ರೂಟರು ಟೀವಿ ಹಿಂದೆ ಮೂಲೇಲಿ ನೆಲದ ಮೇಲಿದ್ರೆ ಎತ್ತಿ ಮೆಟ್ಟಿಲ ಹತ್ರ ಎತ್ತರದಲ್ಲಿಡಿ, ಎಷ್ಟೋ ಮನೇಲಿ ಇಷ್ಟಕ್ಕೇ ಸರಿಹೋಗತ್ತೆ. ಆಗ್ಲಿಲ್ವಾ, ಮೆಶ್ ಸೆಟ್, ಅಂದ್ರೆ ಮನೇಲಿ ಅಲ್ಲಲ್ಲಿ ಇಟ್ಟು ವೈಫೈ ಹರಡೋ ಡಬ್ಬಗಳನ್ನ ಹಾಕಿ, ಆಗೋದಾದ್ರೆ ಮೇಲಿನ ರೂಮಿಗೆ ಒಂದು ಕೇಬಲ್ಲೇ ಎಳೆಸಿ, ಆಫೀಸ್ ಕೆಲಸಕ್ಕೆ ಕೇಬಲಿನಷ್ಟು ನಂಬಿಕೆ ಇನ್ಯಾವುದೂ ಇಲ್ಲ.

ಕೇಬಲಲ್ಲೂ ಕಮ್ಮಿ ಬಂದ್ರೆ ಬೇರೆ ಮಾತು. ಕಾಂಟ್ರ್ಯಾಕ್ಟಲ್ಲಿ ಕನಿಷ್ಠ ಗ್ಯಾರಂಟಿ ಸ್ಪೀಡ್ ಅಂತ ಒಂದು ಅಂಕಿ ಇರತ್ತೆ, ಜಾಹೀರಾತಿನ ಅಂಕಿ ಅಲ್ಲ ಅದು, ಬೇರೆ. ಆಫ್‌ಕಾಮಿನ ಸ್ಪೀಡ್ ಕೋಡ್ ಅನ್ನೋ ನಿಯಮಾವಳಿಗೆ ಸಹಿ ಹಾಕಿರೋ ಕಂಪನಿ ಆದ್ರೆ, ಅದಕ್ಕಿಂತ ಕೆಳಗಿಳಿದದ್ದನ್ನ 30 ದಿನದಲ್ಲಿ ಸರಿ ಮಾಡದಿದ್ರೆ ದಂಡ ಇಲ್ಲದೇ ಬಿಡಬಹುದು. ರಾತ್ರಿ 8ರಿಂದ 10ರ ತನಕ ಎಲ್ಲರೂ ಬಳಸೋ ಹೊತ್ತು, ಆಗ್ಲೂ ಒಂದು ವಾರ ಅಳೆದು ಬರೆದಿಡಿ. ಬಿಡೋದಾದ್ರೆ ಹಳಬರಿಗೆ ಫೋನ್ ಮಾಡಿ ಗೋಗರೀಬೇಕಾಗಿಲ್ಲ, 2024ರ ಸೆಪ್ಟೆಂಬರ್ 12ರಿಂದ ಹೊಸ ಕಂಪನಿಗೆ ಹೇಳಿದ್ರೆ ಸಾಕು, ಹಳೇದನ್ನ ನಿಲ್ಲಿಸೋ ಕೆಲಸಾನೂ ಅವರೇ ನೋಡ್ಕೋತಾರೆ.

ಪ್ರಶ್ನೆ: ಕಂಬ್ರಿಯಾದ ಒಂದು ಹಳ್ಳೀಲಿ ಮನೆ ಸಿಕ್ಕಿದೆ, ಆಸ್ಪತ್ರೆಗೆ ಹತ್ತಿರ ಅಂತ ತಗೊಂಡೆ. ಇಂಟರ್ನೆಟ್ 4 ಮೆಗಾಬಿಟ್ ದಾಟಲ್ಲ. ಮಕ್ಕಳ ಮುಖ ನೋಡೋಕೂ ವಿಡಿಯೋ ನಿಂತು ನಿಂತು ಬರತ್ತೆ. – ಒಬ್ಬ ನರ್ಸ್

ಉತ್ತರ: ನಿಮ್ಮ ಕಷ್ಟ ಓದಿ ಮನಸ್ಸಿಗೆ ತುಂಬಾ ಬೇಜಾರಾಯ್ತಮ್ಮ. ನಿಮಗೊಂದು ಹಕ್ಕಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. 2020ರ ಮಾರ್ಚಿಂದ ಈ ದೇಶದಲ್ಲಿ ಕನಿಷ್ಠ 10 ಮೆಗಾಬಿಟ್ ಡೌನ್‌ಲೋಡ್, 1 ಮೆಗಾಬಿಟ್ ಅಪ್‌ಲೋಡ್ ಇರೋ ಲೈನ್ ಕೇಳೋ ಹಕ್ಕು ಮನೆಗಳಿಗೆ ಇದೆ. ಅರ್ಜಿ ಹಾಕಬೇಕಾದ್ದು ಬಿಟಿಗೆ, ನೀವು ಅವರ ಗ್ರಾಹಕರೇ ಆಗಿರಬೇಕು ಅಂತಿಲ್ಲ. ಲೈನ್ ಎಳೆಯೋ ಖರ್ಚು 3,400 ಪೌಂಡ್ ಒಳಗಿದ್ರೆ ಅದನ್ನ ನೀವು ಕೊಡಬೇಕಿಲ್ಲ, ಮೀರಿದ್ರೆ ಮೀರಿದಷ್ಟನ್ನ ನಿಮ್ಮ ಹತ್ರ ಕೇಳ್ತಾರೆ. ಆದ್ರೆ ನಿಮ್ಮ ಜಾಗದಲ್ಲಿ ಮೊಬೈಲ್ ಜಾಲದಿಂದ ಅಷ್ಟು ಸ್ಪೀಡ್ ಕೈಗೆಟಕೋ ಬೆಲೆಗೆ ಸಿಗೋ ಹಾಗಿದ್ರೆ ಅದನ್ನೇ ತಗೊಳ್ಳಿ ಅಂತಾರೆ. ಅದಕ್ಕೆ ಈ ವಾರವೇ ಅಕ್ಕಪಕ್ಕದ ಮನೆಯವರ ಫೋನ್ ಯಾವ ಕಂಪನೀದು, ಸಿಗ್ನಲ್ ಹೇಗೆ ಅಂತ ಕೇಳಿ, ಚೆನ್ನಾಗಿರೋ ಕಂಪನೀದು ಒಂದು ಪೇ ಆ್ಯಸ್ ಯು ಗೋ, ಅಂದ್ರೆ ಪ್ರೀಪೇಯ್ಡ್ ಸಿಮ್ ತಂದು ಮಹಡಿ ಕಿಟಕಿ ಹತ್ರ ಇಟ್ಟು ನೋಡಿ. ಅಲ್ಲಿ ಸಿಕ್ಕರೆ 4ಜಿ ರೂಟರು, ಬೇಕಾದ್ರೆ ಗೋಡೆ ಹೊರಗೆ ಒಂದು ಆ್ಯಂಟೆನಾ. ಎಲ್ಲೂ ಸಿಗಲಿಲ್ಲ ಅಂದ್ರೆ ಸ್ಟಾರ್‌ಲಿಂಕ್‌ನಂಥ ಉಪಗ್ರಹದ ಇಂಟರ್ನೆಟ್ ಇದೆ, ದುಬಾರಿ, ಡಿಶ್ ಕೂರಿಸೋಕೆ ಲ್ಯಾಂಡ್‌ಲಾರ್ಡ್ ಒಪ್ಪಿಗೆ ಪತ್ರ ತಗೊಂಡಿರಿ. ಅಲ್ಲೀ ತನಕ ಆಸ್ಪತ್ರೆ ವೈಫೈ ಚೆನ್ನಾಗಿದ್ರೆ ಡ್ಯೂಟಿ ಮುಗಿಸಿ ಹೊರಡೋ ಮುಂಚೆ ಅಲ್ಲೇ ಹತ್ತು ನಿಮಿಷ ಕೂತು ಮಕ್ಕಳ ಜೊತೆ ಮಾತಾಡಿ. ಸಿಮ್ ಇಟ್ಟು ನೋಡಿದ್ಮೇಲೆ ಎಷ್ಟು ಸ್ಪೀಡ್ ಬಂತು ಅಂತ ನನಗೆ ಬರೀರಿ, ಮುಂದಿಂದು ಅದನ್ನ ನೋಡಿ ಹೇಳ್ತೀನಿ.